ಆಪ್ಷನ್ ಎಂಟ್ರಿಯೂ ದೇವರ ಚಿತ್ತವೂ

ಯೂತ್ ಆರಾಧನೆಯಲ್ಲಿ ಕೊಟ್ಟ ಸಂದೇಶ
ವಾಕ್ಯಭಾಗಗಳು: ಅಪೊಸ್ತಲರ ಕೃತ್ಯಗಳು 16:6–15, ಲೂಕ 14:28–30, ದಾನಿಯೇಲ 1

ಹಿಂದೆ ನಿಂತಿರೋ ತಮ್ಮಂದಿರೇ, ಮುಂದೆ ಬನ್ನಿ, ಈ ಕಡೆ ಕುರ್ಚಿ ಖಾಲಿ ಇದೆ. ಇವತ್ತು ತಂದೆ ತಾಯಂದಿರನ್ನೂ ಕರ್ಕೊಂಡು ಬನ್ನಿ ಅಂತ ಹೇಳಿದ್ದೆ. ಬಂದಿದ್ದೀರಿ, ಕರ್ತನಿಗೆ ಸ್ತೋತ್ರ.

ನೇರವಾಗಿ ವಿಷಯಕ್ಕೆ ಬರ್ತೀನಿ. ಈ ವಾರ ಸಿಇಟಿ ಆಪ್ಷನ್ ಎಂಟ್ರಿ ನಡೀತಾ ಇದೆ. ಪ್ರಾರ್ಥನಾ ಪೆಟ್ಟಿಗೆಗೆ ಬಂದಿರೋ ಚೀಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ವಿಷಯ. "ಪಾಸ್ಟರ್, ಯಾವ ಕಾಲೇಜು ಅಂತ ದೇವರ ಚಿತ್ತ ಗೊತ್ತಾಗೋ ಹಾಗೆ ಪ್ರಾರ್ಥಿಸಿ." ಇನ್ನೊಂದು ಚೀಟಿ: "ತಪ್ಪು ಕಾಲೇಜು ತಗೊಂಡು ದೇವರ ಯೋಜನೆ ಮಿಸ್ ಆಗಿಬಿಟ್ರೆ ಅಂತ ಭಯ. ರಾತ್ರಿ ನಿದ್ದೆ ಬರ್ತಿಲ್ಲ." ಹೆಸರು ಬರೆದಿಲ್ಲ. ಬರೆದವರು ಇಲ್ಲೇ ಕೂತಿದ್ದೀರಿ ಅಂತ ನನಗೆ ಗೊತ್ತು. ಆ ಭಯದ ಬಗ್ಗೆನೇ ಇವತ್ತು ಮಾತಾಡಬೇಕು.

ನೋಡಿ, ನಮ್ಮಲ್ಲಿ ತುಂಬಾ ಜನ ದೇವರ ಚಿತ್ತವನ್ನ ಹೇಗೆ ಯೋಚಿಸ್ತೀವಿ ಗೊತ್ತಾ? ಸಿಇಟಿ ಪ್ರಶ್ನೆ ಪತ್ರಿಕೆ ಹಾಗೆ. ನಾಲ್ಕು ಉತ್ತರ ಇದೆ, ಒಂದೇ ಸರಿ, ಮೂರು ತಪ್ಪು. ದೇವರು ಮೇಲೆ ಕೂತು ಕೀ ಆನ್ಸರ್ ಬಚ್ಚಿಟ್ಟುಕೊಂಡು, ಇವನು ಯಾವುದಕ್ಕೆ ಟಿಕ್ ಹಾಕ್ತಾನೆ ನೋಡೋಣ ಅಂತ ಕಾಯ್ತಾ ಇದ್ದಾರೆ. ತಪ್ಪಾಗಿ ಹಾಕಿದ್ರೆ ಮುಗೀತು, ಜೀವನವೆಲ್ಲ ಎರಡನೇ ದರ್ಜೆ. ಮಕ್ಕಳೇ, ಇದು ನಮ್ಮ ತಂದೆಯ ಸ್ವಭಾವ ಅಲ್ಲ. ಯಾಕೋಬನ ಪತ್ರಿಕೆ 1ನೇ ಅಧ್ಯಾಯ 5ನೇ ವಚನ ಮನೆಗೆ ಹೋಗಿ ಓದಿ. ಜ್ಞಾನ ಕಡಿಮೆ ಇದ್ದವನು ದೇವರನ್ನ ಕೇಳಿಕೊಳ್ಳಲಿ, ದೇವರು ಗದರದೆ ಧಾರಾಳವಾಗಿ ಕೊಡ್ತಾರೆ ಅನ್ನೋದು ಅಲ್ಲಿನ ಮಾತು. ಅಲ್ಲಿ ಕೊಡ್ತೀನಿ ಅಂತ ಇರೋದು ಏನು? ಜ್ಞಾನ. ಕಾಲೇಜಿನ ಕೋಡ್ ನಂಬರ್ ಕೊಡ್ತೀನಿ ಅಂತ ಇಲ್ಲ. ಎಲ್ಲರೂ ಆಮೆನ್ ಹೇಳಿ.

ಈಗ ಅಪೊಸ್ತಲರ ಕೃತ್ಯಗಳು 16ಕ್ಕೆ ಬನ್ನಿ. ಪೌಲನೂ ಸೀಲನೂ ಹೊರಟಿದ್ದಾರೆ, ದಾರಿಯಲ್ಲಿ ತಿಮೊಥೆಯ ಸೇರಿಕೊಂಡಿದ್ದಾನೆ. ಆಸ್ಯದಲ್ಲಿ ವಾಕ್ಯ ಸಾರೋಣ ಅಂದುಕೊಂಡ್ರು. ಪವಿತ್ರಾತ್ಮನು ತಡೆದನು. ಬಿಥೂನ್ಯಕ್ಕೆ ಹೋಗೋಣ ಅಂತ ಪ್ರಯತ್ನಪಟ್ರು. ಅಲ್ಲಿಗೂ ಬಿಡಲಿಲ್ಲ. ಕೊನೆಗೆ ಸಮುದ್ರ ತೀರದ ತ್ರೋವಕ್ಕೆ ಬಂದ್ರು. ಗಮನಿಸಿ: ಪೌಲನು ಮನೆಯಲ್ಲಿ ಕೂತು "ದರ್ಶನ ಬರೋವರೆಗೂ ಹೆಜ್ಜೆ ಇಡಲ್ಲ" ಅನ್ನಲಿಲ್ಲ. ನಡೀತಾ ಇದ್ದ. ಒಂದು ಬಾಗಿಲು ಮುಚ್ಚಿತು, ಇನ್ನೊಂದು ಕಡೆ ಹೋದ. ಎರಡು ಬಾಗಿಲು ಮುಚ್ಚಿದ ಮೇಲೂ ಅವನಿಗೆ ದೇವರ ಮೇಲೆ ಕೋಪ ಬಂತು ಅಂತ ಬರೆದಿಲ್ಲ.

ಆ ರಾತ್ರಿ ತ್ರೋವದಲ್ಲಿ ದರ್ಶನ ಆಯ್ತು. ಮಕೆದೋನ್ಯದ ಒಬ್ಬ ಮನುಷ್ಯ ನಿಂತು, ಈ ಕಡೆ ದಾಟಿ ಬಂದು ನಮಗೆ ಸಹಾಯ ಮಾಡು ಅಂತ ಬೇಡಿಕೊಳ್ತಾ ಇದ್ದ. ನಾವು ಪೆಂತೆಕೊಸ್ತಿನವರು, ದರ್ಶನವನ್ನ ನಂಬ್ತೀವಿ, ಹಲ್ಲೆಲೂಯಾ! ಆದ್ರೆ 10ನೇ ವಚನವನ್ನ ನಿಧಾನವಾಗಿ ಓದಿ. ದರ್ಶನ ಕಂಡವನು ಯಾರು? ಪೌಲ ಒಬ್ಬನೇ. ತೀರ್ಮಾನ ಮಾಡಿದವರು ಯಾರು? ಅಲ್ಲಿ "ನಾವು" ಅಂತ ಇದೆ. ಅಲ್ಲಿಯವರೆಗೆ ಈ ಪ್ರಯಾಣದಲ್ಲಿ "ಅವರು ಹೋದರು, ಅವರು ಬಂದರು" ಅಂತ ಇದ್ದ ಮಾತು ಇಲ್ಲಿ "ನಾವು" ಆಗುತ್ತೆ, ಯಾಕಂದ್ರೆ ಬರೆಯುತ್ತಿರೋ ಲೂಕನೂ ಈಗ ಗುಂಪಿನಲ್ಲಿದ್ದಾನೆ. ಒಬ್ಬನಿಗೆ ದರ್ಶನ, ಎಲ್ಲರೂ ಕೂಡಿ ತೀರ್ಮಾನ. ಅಪೊಸ್ತಲನಾದ ಪೌಲನೇ ತನ್ನ ದರ್ಶನವನ್ನ ಜೊತೆಯವರ ಮುಂದೆ ಇಟ್ಟ. ನಾವು ಯಾರು ಇಡದೇ ಇರೋಕೆ?

ಹಾಗಾಗಿ ಪ್ರವಾದನೆ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾರನ್ನೂ ನೋಯಿಸೋಕೆ ಅಲ್ಲ. ಪ್ರವಾದನೆಯನ್ನ ತಿರಸ್ಕರಿಸಬೇಡಿ, ಆದ್ರೆ ಎಲ್ಲವನ್ನೂ ಪರಿಶೋಧಿಸಿ ಅಂತ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಕಲಿಸ್ತಾನೆ. ಎರಡೂ ಮಾತು ಅಕ್ಕಪಕ್ಕದಲ್ಲೇ ಇವೆ. ನಾವು ಮೊದಲನೆಯದನ್ನ ಇಟ್ಕೊಂಡು ಎರಡನೆಯದನ್ನ ಬಿಟ್ಟುಬಿಡ್ತೀವಿ.

ನಮ್ಮ ಸಭೆಯ ಒಂದು ಕುಟುಂಬದ ವಿಷಯ ಹೇಳ್ತೀನಿ. ಅವರ ಅನುಮತಿ ತಗೊಂಡೇ ಹೇಳ್ತಾ ಇದ್ದೀನಿ, ಹೆಸರು ಬೇಡ. ತಂದೆ ಆಟೋ ಓಡಿಸ್ತಾರೆ, ತಾಯಿ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಮಗನಿಗೆ ಸಿಇಟಿಯಲ್ಲಿ ಬಂದ ರ‍್ಯಾಂಕ್ 60 ಸಾವಿರದ ಆಚೆ. ಎಲ್ಲೋ ಒಂದು ಉಪವಾಸ ಪ್ರಾರ್ಥನೆಯಲ್ಲಿ ಹೊರಗಿನಿಂದ ಬಂದ ಸೇವಕರೊಬ್ಬರು ತಲೆ ಮೇಲೆ ಕೈಯಿಟ್ಟು "ನಿಮ್ಮ ಮಗ ದೊಡ್ಡ ಇಂಜಿನಿಯರ್ ಆಗ್ತಾನೆ" ಅಂದ್ರು. ಅದೇ ವಾರ ಒಬ್ಬ ಏಜೆಂಟ್ ಫೋನ್ ಮಾಡಿ, ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರ್ ಸೈನ್ಸ್ ಇದೆ, ವರ್ಷಕ್ಕೆ 3 ಲಕ್ಷದ 75 ಸಾವಿರ, ಸಂಜೆಯೊಳಗೆ 1 ಲಕ್ಷ ಟೋಕನ್ ಕೊಟ್ರೆ ಸೀಟು ಹಿಡಿದಿಡ್ತೀನಿ ಅಂದ. ತಂದೆ ಎರಡನ್ನೂ ಸೇರಿಸಿ ನೋಡಿ ಇದು ದೇವರೇ ತೆರೆದ ಬಾಗಿಲು ಅಂದುಕೊಂಡ್ರು. ಒಂಬತ್ತು ವರ್ಷ ಕಂತು ಕಟ್ಟಿ ತಗೊಂಡಿದ್ದ 20/30 ಸೈಟ್ ಮಾರೋಕೆ ಹೊರಟ್ರು. ಟೋಕನ್ ಕೊಡೋ ಮುಂಚೆ ಪ್ರಾರ್ಥನೆ ಮಾಡಿಸ್ಕೊಳ್ಳೋಣ ಅಂತ ಮೂವರೂ ನನ್ನ ಹತ್ತಿರ ಬಂದ್ರು.

ನಾನು ಪ್ರಾರ್ಥನೆ ಮಾಡಿದೆ. ಆಮೇಲೆ ಪೆನ್ನು, ಪೇಪರ್ ತಗೊಂಡೆ. ಯಾಕೆ ಗೊತ್ತಾ? ಲೂಕ 14ರಲ್ಲಿ ಯೇಸು ಸ್ವಾಮಿ ಒಂದು ಗೋಪುರದ ಮಾತು ಹೇಳ್ತಾರೆ. ಗೋಪುರ ಕಟ್ಟಬೇಕು ಅನ್ನೋನು ಮೊದಲು ಕೂತು, ಮುಗಿಸೋಷ್ಟು ಹಣ ಇದೆಯಾ ಅಂತ ಲೆಕ್ಕ ಹಾಕಲ್ವಾ? ಅಸ್ತಿವಾರ ಹಾಕಿ ನಿಲ್ಲಿಸಿದ್ರೆ ನೋಡಿದವರು ನಗ್ತಾರೆ. ಸ್ವಾಮಿ ಅದನ್ನ ಹೇಳಿದ್ದು ಶಿಷ್ಯನಾಗೋದರ ಬೆಲೆ ಬಗ್ಗೆ, ನಿಜ. ಆದ್ರೆ ಕೂತು ಲೆಕ್ಕ ಹಾಕೋನನ್ನ ಅವರು ಅವಿಶ್ವಾಸಿ ಅನ್ನಲಿಲ್ಲ. ಬುದ್ಧಿವಂತ ಮಾಡೋ ಕೆಲಸ ಅದು ಅಂತ ತೋರಿಸಿದ್ರು.

ನಾವು ನಾಲ್ಕೂ ಜನ ಲೆಕ್ಕ ಹಾಕಿದ್ವಿ. ನಾಲ್ಕು ವರ್ಷಕ್ಕೆ ಫೀಸ್ ಮಾತ್ರ 15 ಲಕ್ಷ. ಸೈಟ್ ಮಾರಿದ್ರೂ ಪೂರ್ತಿ ಬರಲ್ಲ. ಉಳಿದದ್ದಕ್ಕೆ ಸಾಲ. ಹಿಂದೆ ಇನ್ನೊಬ್ಬಳು ಮಗಳು, ಆಗ 9ನೇ ಕ್ಲಾಸ್. ಅವಳ ಓದಿಗೆ ಏನಿದೆ ಅಂತ ಕೇಳಿದೆ. ತಾಯಿ ತಲೆ ತಗ್ಗಿಸಿದ್ರು. ಆಮೇಲೆ ನಾನು ಹುಡುಗನ ಕಡೆ ತಿರುಗಿ, "ತಮ್ಮಾ, ನಿನಗೇನು ಬೇಕು?" ಅಂದೆ. ಅವನು ಮೆಲ್ಲಗೆ ಹೇಳಿದ: "ಪಾಸ್ಟರ್, ಅಪ್ಪ ಸೈಟ್ ಮಾರೋದು ಬೇಡ. ನಾನು ಹೇಳಿದ್ರೆ ಪ್ರವಾದನೆಗೆ ವಿರೋಧ ಆಗುತ್ತೇನೋ ಅಂತ ಸುಮ್ನಿದ್ದೆ."

ಕೇಳಿದ್ರಾ? ಆ ಮನೆಯಲ್ಲಿ ಎಲ್ಲರೂ ಪ್ರಾರ್ಥನೆ ಮಾಡ್ತಾ ಇದ್ರು, ಯಾರೂ ಒಬ್ಬರಿಗೊಬ್ಬರು ಮಾತಾಡ್ತಾ ಇರಲಿಲ್ಲ. ನಾನು ಅವರಿಗೆ ಹೇಳಿದೆ, ಪ್ರವಾದನೆ ನಿಜ ಇರಬಹುದು. ನಿಮ್ಮ ಮಗ ದೊಡ್ಡ ಇಂಜಿನಿಯರ್ ಆಗಬಹುದು. ಆದ್ರೆ ಆ ಪ್ರವಾದನೆಯಲ್ಲಿ ಸೈಟ್ ಮಾರು ಅಂತ ಇರಲಿಲ್ಲ. ಸಂಜೆಯೊಳಗೆ ಟೋಕನ್ ಕೊಡು ಅಂದಿದ್ದು ಏಜೆಂಟ್, ಪವಿತ್ರಾತ್ಮನಲ್ಲ.

ಆ ಹುಡುಗನಿಗೆ ಸರ್ಕಾರಿ ಕೋಟಾದಲ್ಲಿ ಎಲೆಕ್ಟ್ರಿಕಲ್ ಸಿಕ್ಕಿತು, ಊರ ಹೊರಗಿನ ಕಾಲೇಜು, ಎರಡು ಬಸ್ ಬದಲಾಯಿಸಬೇಕು. ಎಲ್ಲ ಸುಖವಾಗಿದೆ ಅಂತ ನಾನು ಸಾಕ್ಷಿ ಅಲಂಕಾರ ಮಾಡಲ್ಲ. ಗೆಳೆಯರು ದೊಡ್ಡ ಕ್ಯಾಂಪಸ್‌ನಿಂದ ರೀಲ್ಸ್ ಹಾಕಿದಾಗ ಅವನಿಗೆ ಬೇಜಾರಾಗುತ್ತೆ, ನನ್ನ ಹತ್ತಿರ ಹೇಳಿದ್ದಾನೆ. ಆದ್ರೆ ಸೈಟ್ ಇದೆ. ತಂಗಿ ಈಗ ಪಿಯುಸಿ ಸೇರಿದ್ದಾಳೆ. ಅಪ್ಪ ಮಗ ಈಗ ಊಟಕ್ಕೆ ಕೂತಾಗ ಮಾತಾಡ್ತಾರೆ.

ಇನ್ನೊಂದು ವಿಷಯ. ಗುರುತು ಕೇಳೋದು. ಗಿದ್ಯೋನನ ಉಣ್ಣೆ ಗೊತ್ತಲ್ಲ, ನ್ಯಾಯಸ್ಥಾಪಕರು 6. ನಮ್ಮ ಯೂತ್ ಈಗ ಹೊಸ ಉಣ್ಣೆ ಹಾಕ್ತಾರೆ: "ಕರ್ತನೇ, ಸಂಜೆ ಆರು ಗಂಟೆಯೊಳಗೆ ಆ ಕಾಲೇಜಿಂದ ಕಾಲ್ ಬಂದ್ರೆ ಅದೇ ನಿನ್ನ ಚಿತ್ತ." ಮಕ್ಕಳೇ, ಅವರ ಹತ್ತಿರ ನಂಬರ್ ಇರೋ ಎಲ್ಲರಿಗೂ ಅವರು ಕಾಲ್ ಮಾಡ್ತಾರೆ! ಅದು ಟೆಲಿಕಾಲರ್, ಗಬ್ರಿಯೇಲ ದೂತ ಅಲ್ಲ. (ನಗು) ಗಿದ್ಯೋನನಿಗೆ ಏನು ಮಾಡಬೇಕು ಅಂತ ದೇವರು ಮುಂಚೆನೇ ಹೇಳಿ ಆಗಿತ್ತು. ಉಣ್ಣೆ ಹಾಕಿದ್ದು ಅವನ ಹೆದರಿಕೆಯಿಂದ. ದೇವರು ಅವನ ಬಲಹೀನತೆಯನ್ನ ಸಹಿಸಿಕೊಂಡ್ರು ಅಷ್ಟೇ. ಅದನ್ನ ಕಾಲೇಜು ಹುಡುಕೋ ವಿಧಾನ ಮಾಡಿಕೊಳ್ಳಬೇಡಿ.

ಹಾಗಾದ್ರೆ ಏನು ಮಾಡಬೇಕು? ಪ್ರಾರ್ಥನೆ ಮಾಡಿ, ಉಪವಾಸ ಮಾಡಿ. ಆಮೇಲೆ ಕೂತು ಲೆಕ್ಕ ಹಾಕಿ. ಇವತ್ತು ನಾನು ಸ್ವಲ್ಪ ಮೇಷ್ಟ್ರ ಹಾಗೆ ಮಾತಾಡ್ತೀನಿ, ಸಹಿಸಿಕೊಳ್ಳಿ.

ಒಂದು, ಆಪ್ಷನ್ ಎಂಟ್ರಿ. ನಿಮಗೆ ಸಿಗಬಹುದು ಅನಿಸಿದ್ದನ್ನ ಮೇಲೆ ಹಾಕಬೇಡಿ, ನಿಮಗೆ ನಿಜವಾಗಿ ಬೇಕಾದ್ದನ್ನ ಮೇಲೆ ಹಾಕಿ. ನಿಮ್ಮ ಸರದಿ ಬಂದಾಗ ಕಂಪ್ಯೂಟರ್ ಮೇಲಿನಿಂದ ಕೆಳಗೆ ನೋಡ್ಕೊಂಡು ಬರುತ್ತೆ. ಮೊದಲನೆಯದು ಇಲ್ಲ ಅಂದ್ರೆ ಎರಡನೆಯದು, ಅದೂ ಇಲ್ಲ ಅಂದ್ರೆ ಮೂರನೆಯದು. ಮೇಲೆ ದೊಡ್ಡ ಕಾಲೇಜು ಹಾಕಿದ್ದಕ್ಕೆ ಕೆಳಗಿನದು ತಪ್ಪಿ ಹೋಗಲ್ಲ. ಆದ್ರೆ ಸೇರೋಕೆ ಮನಸ್ಸೇ ಇಲ್ಲದ ಕಾಲೇಜನ್ನ ಪಟ್ಟಿ ತುಂಬಿಸೋಕೆ ಹಾಕಬೇಡಿ, ಅದೇ ಬಂದು ಕೂರಬಹುದು. ಮಾಕ್ ಅಲಾಟ್‌ಮೆಂಟ್ ಬಂದಾಗ ಅದು ನಿಜವಾದ ಸೀಟಲ್ಲ, ಅಂದಾಜು. ಅದನ್ನ ನೋಡಿ ಸ್ಟೇಟಸ್ ಹಾಕಬೇಡಿ, ಅಳಬೇಡಿ. ಅದಾದ ಮೇಲೆ ಪಟ್ಟಿ ತಿದ್ದೋಕೆ ಅವಕಾಶ ಕೊಡ್ತಾರೆ.

ನಿಜವಾದ ಸೀಟು ಬಂದಾಗ ನಾಲ್ಕು ಚಾಯ್ಸ್. ಮೊದಲನೆಯದು, ಇದೇ ಸಾಕು, ಸೇರ್ತೀನಿ. ಎರಡನೆಯದು, ಇದು ಇರಲಿ, ಮುಂದಿನ ಸುತ್ತಲ್ಲಿ ಮೇಲಿನದು ಸಿಕ್ಕಿದ್ರೆ ಅದು. ಮೂರನೆಯದು, ಇದು ಬೇಡ, ಮುಂದಿನ ಸುತ್ತು ನೋಡ್ತೀನಿ. ನಾಲ್ಕನೆಯದು, ನಾನು ಹೊರಗೆ ಹೋಗ್ತೀನಿ. ಎರಡಕ್ಕೂ ಮೂರಕ್ಕೂ ತುಂಬಾ ವ್ಯತ್ಯಾಸ ಇದೆ. ಎರಡರಲ್ಲಿ ಕೈಲಿರೋದು ಉಳಿಯುತ್ತೆ, ಮೂರರಲ್ಲಿ ಕೈ ಖಾಲಿ. "ವಿಶ್ವಾಸದಿಂದ ಮೂರು ಒತ್ತಿದೆ ಪಾಸ್ಟರ್" ಅಂತ ಆಮೇಲೆ ಬರಬೇಡಿ. ಈ ವರ್ಷದ ನಿಯಮ, ಕೊನೆ ದಿನಾಂಕ ಎಲ್ಲ ಕೆಇಎ ವೆಬ್‌ಸೈಟ್‌ನಲ್ಲೇ ಓದಿ, ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ. ಪಾಸ್‌ವರ್ಡ್ ಸೈಬರ್ ಸೆಂಟರ್‌ನವರ ಕೈಗೆ ಕೊಟ್ಟು ಬರಬೇಡಿ.

ಎರಡು, ಕಾಲೇಜನ್ನ ಅಳೆಯೋದು. ಬ್ಯಾನರ್‌ನಲ್ಲಿ "ಅತಿ ಹೆಚ್ಚು ಪ್ಯಾಕೇಜ್ 40 ಲಕ್ಷ" ಅಂತ ಇರುತ್ತೆ. ಅದು ಒಬ್ಬನಿಗೆ. ನೀವು ಕೇಳಬೇಕಾದ್ದು ಮೀಡಿಯನ್ ಎಷ್ಟು ಅಂತ. ಅಂದ್ರೆ, ಕೆಲಸ ಸಿಕ್ಕಿದವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ ಸರಿಯಾಗಿ ಮಧ್ಯದಲ್ಲಿರೋನಿಗೆ ಎಷ್ಟು? ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕೋ ಕಾಲೇಜುಗಳು ಎಷ್ಟು ಜನ ಪಾಸಾದ್ರು, ಎಷ್ಟು ಜನಕ್ಕೆ ಕೆಲಸ ಸಿಕ್ತು, ಮೀಡಿಯನ್ ಸಂಬಳ ಎಷ್ಟು ಅಂತ ವಿವರ ಕೊಡಬೇಕು. ಅದು ಎಲ್ಲರೂ ನೋಡಬಹುದಾದ ಮಾಹಿತಿ. ಎನ್‌ಬಿಎ ಮಾನ್ಯತೆ ಕಾಲೇಜಿಗೆ ಒಟ್ಟಾಗಿ ಸಿಗಲ್ಲ, ಒಂದೊಂದು ಕೋರ್ಸಿಗೆ ಬೇರೆ ಬೇರೆ ಸಿಗುತ್ತೆ. ಹಾಗಾಗಿ ನಿಮ್ಮ ಬ್ರಾಂಚಿಗೆ ಇದೆಯಾ ಅಂತ ಕೇಳಿ. ನರ್ಸಿಂಗ್‌ಗೆ ಹೋಗೋ ತಂಗಿಯರೇ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಆ ಕಾಲೇಜು ಇದೆಯಾ, ವಿದ್ಯಾರ್ಥಿಗಳು ಕೆಲಸ ಕಲಿಯೋ ಆಸ್ಪತ್ರೆ ಯಾವುದು ನೋಡಿ. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೇ ಹಾಕುತ್ತೆ, ಅದನ್ನೂ ಒಮ್ಮೆ ನೋಡಿ.

ಕಟ್ಟಡ ನೋಡಿ ಮರುಳಾಗಬೇಡಿ. ನಮ್ಮ ಕೆ.ಆರ್. ಸರ್ಕಲ್‌ನಲ್ಲಿರೋ ಯುವಿಸಿಇ 1917ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದದ್ದು. ಮುಂದೆ ಗಾಜಿನ ಗೋಡೆ ಇಲ್ಲ. ಅಲ್ಲಿಂದ ಹೊರಬಂದವರು ಎಂಥ ಎಂಥ ಕೆಲಸ ಮಾಡಿದ್ದಾರೆ! ಒಂದು ದಿನ ಹೋಗಿ ಬನ್ನಿ. ಗೇಟಿನ ಹತ್ತಿರ ಟೀ ಅಂಗಡಿಯಲ್ಲಿ ನಿಂತು ಮೂರನೇ ವರ್ಷದ ಹುಡುಗರನ್ನ ಕೇಳಿ: ಲ್ಯಾಬ್ ತೆರೀತಾರಾ? ಲೆಕ್ಚರರ್ ನಿಲ್ತಾರಾ, ಆರು ತಿಂಗಳಿಗೆ ಬದಲಾಗ್ತಾರಾ? ಬ್ರೋಷರ್‌ನಲ್ಲಿ ಇಲ್ಲದ ಉತ್ತರ ಅಲ್ಲಿ ಸಿಗುತ್ತೆ.

ಮೂರು, ಹಣ. ಎಜುಕೇಶನ್ ಲೋನ್ ಪಾಪ ಅಲ್ಲ. ಆದ್ರೆ ಲೆಕ್ಕ ಬೇಕು. 8 ಲಕ್ಷ ಸಾಲ, ಶೇ. 10 ಬಡ್ಡಿ, 10 ವರ್ಷದ ಕಂತು ಅಂದ್ರೆ ತಿಂಗಳಿಗೆ ಹತ್ತಿರ ಹತ್ತಿರ 10,600 ರೂಪಾಯಿ. ಓದೋ ವರ್ಷಗಳಲ್ಲಿ ಕಂತು ಇರಲ್ಲ, ಬಡ್ಡಿ ಓಡ್ತಾನೇ ಇರುತ್ತೆ. ಅದು ಈ ಲೆಕ್ಕದಲ್ಲಿ ಸೇರಿಲ್ಲ. ಮೊದಲ ಸಂಬಳ 25 ಸಾವಿರ ಬಂದ್ರೆ ಬಾಡಿಗೆ, ಊಟ, ಕಂತು ಕಳೆದು ಏನು ಉಳಿಯುತ್ತೆ? ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಅಂತ ಇದೆ, ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಬೋಧನಾ ಶುಲ್ಕ ಬಿಡೋ ಸೀಟುಗಳು. ಗ್ರಾಮೀಣ, ಕನ್ನಡ ಮಾಧ್ಯಮದ ಮೀಸಲಾತಿ ಇದೆ. ನಾಚಿಕೆಪಟ್ಟು ಬಿಡಬೇಡಿ, ನಿಮಗೆ ನಿಜವಾಗಿ ಅನ್ವಯಿಸಿದ್ರೆ ಕೇಳಿ. ನಿಜವಾಗಿ ಅಂದೆ. ಸುಳ್ಳು ಆದಾಯ ಪ್ರಮಾಣಪತ್ರ ಮಾಡಿಸ್ಕೊಂಡು ಬಂದು "ಕರ್ತನು ಸೀಟು ಕೊಟ್ಟರು" ಅಂತ ಇಲ್ಲಿ ಸಾಕ್ಷಿ ಹೇಳೋಕೆ ನಾನು ಬಿಡಲ್ಲ. ಬೇರೆ ಕಡೆ ಸೇರೋದು ಖಚಿತ ಆದ ಮೇಲೆ ಸಿಇಟಿ ಸೀಟನ್ನ ಸುಮ್ನೆ ಹಿಡಿದಿಟ್ಕೊಳ್ಳೋದೂ ಸರಿಯಲ್ಲ. ಸಮಯಕ್ಕೆ ಬಿಟ್ಟುಕೊಡಿ. ಅದು ಇನ್ನೊಬ್ಬ ತಾಯಿಯ ಕಣ್ಣೀರಿನ ಪ್ರಾರ್ಥನೆಗೆ ಉತ್ತರ ಆಗಬಹುದು. ನೆರೆಯವನನ್ನ ಪ್ರೀತಿಸು ಅನ್ನೋದು ಕೌನ್ಸೆಲಿಂಗ್ ಪೋರ್ಟಲ್‌ನಲ್ಲೂ ನಡೆಯಬೇಕು. ಆಮೆನ್?

ಈಗ ಲೋಟನನ್ನ ನೋಡಿ, ಆದಿಕಾಂಡ 13. ಅಬ್ರಾಮನು ದೊಡ್ಡವನಾದರೂ "ಮೊದಲು ನೀನು ಆರಿಸಿಕೋ" ಅಂತ ತಮ್ಮನ ಮಗನಿಗೆ ಬಿಟ್ಟುಕೊಟ್ಟ. ಲೋಟ ಕಣ್ಣೆತ್ತಿ ನೋಡಿದ, ಯೊರ್ದನಿನ ಬಯಲು ನೀರಾವರಿಯಾಗಿತ್ತು. ಕುರಿ ಕಾಯೋನು ನೀರು ನೋಡೋದು ತಪ್ಪಲ್ಲ. ಅವನು ಅದೊಂದನ್ನೇ ನೋಡಿದ, ಅದು ತೊಂದರೆ. ಅಲ್ಲಿ ಯಾರ ಜೊತೆ ಬದುಕಬೇಕು, ತನ್ನ ಮನೆಯವರು ಏನಾಗ್ತಾರೆ ಅಂತ ಕೇಳಲಿಲ್ಲ. ಮೊದಲು ಸೊದೋಮಿನ ಕಡೆಗೆ ಗುಡಾರ ಹಾಕಿದ. 19ನೇ ಅಧ್ಯಾಯಕ್ಕೆ ಬರೋ ಹೊತ್ತಿಗೆ ಸೊದೋಮಿನ ಊರಬಾಗಿಲಲ್ಲೇ ಕೂತಿದ್ದಾನೆ. ಅದೇ 13ನೇ ಅಧ್ಯಾಯದ ಕೊನೆಯಲ್ಲಿ ಅಬ್ರಾಮ ಹೆಬ್ರೋನಿಗೆ ಹೋಗಿ ಏನು ಮಾಡಿದ? ಯಜ್ಞವೇದಿ ಕಟ್ಟಿದ.

ಅದಕ್ಕೇ ಹೇಳ್ತೀನಿ, ಪ್ಲೇಸ್‌ಮೆಂಟ್ ನೋಡಿ, ಫೀಸ್ ನೋಡಿ, ಜೊತೆಗೆ ಇನ್ನೊಂದು ಪ್ರಶ್ನೆ ಬರ‍್ಕೊಳ್ಳಿ: ಅಲ್ಲಿ ನನ್ನ ಯಜ್ಞವೇದಿ ಎಲ್ಲಿ? ಮನೆಯಿಂದ ದೂರ ಹೋಗೋರಾದ್ರೆ ಆ ಊರಲ್ಲಿ ಭಾನುವಾರ ಯಾವ ಸಭೆಗೆ ಹೋಗ್ತೀಯ? ನಾನು ಬಿದ್ದಾಗ ಕೇಳೋಕೆ ಯಾರಿದ್ದಾರೆ? ಕ್ರೈಸ್ತ ಸಂಸ್ಥೆ ಆದ್ರೆ ಸಾಕು ಅಂತ ಕೆಲವು ಅಮ್ಮಂದಿರು ಅಂದುಕೊಳ್ತೀರಿ. ನಮ್ಮ ಬೆಂಗಳೂರಲ್ಲಿ 1882ರಿಂದ ಸೇಂಟ್ ಜೋಸೆಫ್ಸ್ ಇದೆ, 1948ರಿಂದ ಮೌಂಟ್ ಕಾರ್ಮೆಲ್, 1969ರಿಂದ ಕ್ರೈಸ್ಟ್. ಒಳ್ಳೆಯ ಸಂಸ್ಥೆಗಳು, ಸೀಟು ಸಿಕ್ಕಿದ್ರೆ ಸಂತೋಷ. ಆದ್ರೆ ಬೋರ್ಡಿನ ಮೇಲಿನ ಹೆಸರು ನಿಮ್ಮ ಮಗನ ಬದಲು ಪ್ರಾರ್ಥನೆ ಮಾಡಲ್ಲ.

ತಂದೆ ತಾಯಂದಿರೇ, ನಿಮಗೆ ಎರಡು ಮಾತು. ನಿಮ್ಮ ತ್ಯಾಗ ನನಗೆ ಗೊತ್ತು. ಒಡವೆ ಅಡ ಇಟ್ಟವರು, ಓವರ್‌ಟೈಮ್ ಮಾಡಿದವರು ಇಲ್ಲಿದ್ದೀರಿ. ಆದ್ರೆ "ನಮ್ಮ ನೆಂಟರ ಮುಂದೆ ತಲೆ ಎತ್ತಬೇಕು" ಅನ್ನೋದನ್ನ ದೇವರ ಚಿತ್ತ ಅಂತ ಹೆಸರಿಟ್ಟು ಮಕ್ಕಳ ಮೇಲೆ ಹೊರಿಸಬೇಡಿ. ಗಣಿತ ಆಗದ ಹುಡುಗನನ್ನ ಇಂಜಿನಿಯರಿಂಗ್‌ಗೆ ತಳ್ಳಿ ಆಮೇಲೆ ಬ್ಯಾಕ್‌ಲಾಗ್ ತೆಗಿ ಅಂತ ಕೈಯಿಟ್ಟು ಪ್ರಾರ್ಥಿಸಿ ಅಂದ್ರೆ ನಾನು ಪ್ರಾರ್ಥಿಸ್ತೀನಿ, ಆದ್ರೆ ಮೊದಲು ನಿಮ್ಮನ್ನ ಕೇಳ್ತೀನಿ: ಅವನು ಬಿ.ಕಾಂ. ಓದ್ತೀನಿ ಅಂದಾಗ ಕೇಳಿಸಿಕೊಂಡ್ರಾ? ಇನ್ನೊಂದು, ಅಣ್ಣನಿಗೆ ಹಾಸ್ಟೆಲ್, ತಂಗಿಗೆ ಮಾತ್ರ ಮನೆ ಹತ್ತಿರದ ಕಾಲೇಜು ಯಾಕೆ? ಅವಳ ರ‍್ಯಾಂಕ್ ಒಳ್ಳೇದಿದ್ರೂ? ಭಯ ಇದ್ರೆ ಹಾಸ್ಟೆಲ್ ನೋಡಿ ಬನ್ನಿ, ವಾರ್ಡನ್ ಹತ್ತಿರ ಮಾತಾಡಿ, ಅಲ್ಲಿನ ಸಭೆಯ ಪಾಸ್ಟರಮ್ಮನ ನಂಬರ್ ನಾನೇ ಕೊಡಿಸ್ತೀನಿ. ನಾವು ಸುವಾರ್ತೆ ತಲುಪಿಸಿ ಅಂತ ಕಳಿಸ್ತೀವಲ್ಲ, ಫಿಲಿಪ್ಪಿಯಲ್ಲಿ ಪೌಲನ ಮಾತಿಗೆ ಹೃದಯ ತೆರೆದವಳು ಯಾರು? ಲುದ್ಯ. ದೂರದ ಥುವತೈರದಿಂದ ಬಂದು ಧೂಮ್ರವರ್ಣದ ಬಟ್ಟೆ ವ್ಯಾಪಾರ ಮಾಡ್ತಿದ್ದ ಹೆಣ್ಣುಮಗಳು.

ಫಿಲಿಪ್ಪಿ ಅಂದ ಮೇಲೆ ಇದನ್ನೂ ಹೇಳಿಬಿಡ್ತೀನಿ. ದರ್ಶನ ನೋಡಿ, ಎಲ್ಲರೂ ಕೂಡಿ ತೀರ್ಮಾನಿಸಿ, ದೇವರ ಚಿತ್ತದಲ್ಲೇ ಹೋದ ಪೌಲ ಸೀಲರಿಗೆ ಅಲ್ಲಿ ಏನಾಯ್ತು? ಛಡಿ ಏಟು, ಸೆರೆಮನೆ, ಕಾಲಿಗೆ ಕೋಳ. ಮೊದಲ ಸೆಮಿಸ್ಟರ್‌ನಲ್ಲಿ ಕಷ್ಟ ಬಂದ ತಕ್ಷಣ "ಅಯ್ಯೋ, ತಪ್ಪು ಕಾಲೇಜಿಗೆ ಬಂದೆ" ಅನ್ನಬೇಡಿ. ಸರಿಯಾದ ಊರಲ್ಲೂ ಸೆರೆಮನೆ ಇರುತ್ತೆ. ಅವರು ಮಧ್ಯರಾತ್ರಿ ಹಾಡಿದ್ರು.

ಕೊನೆಯದಾಗಿ, ಇಲ್ಲಿ ಕೆಲವರಿಗೆ ಆರಿಸೋಕೆ ಏನೂ ಉಳಿದಿಲ್ಲ. ರ‍್ಯಾಂಕ್ ಕೆಳಗೆ ಹೋಗಿದೆ, ಇಲ್ಲಾ ಮನೆಯಲ್ಲಿ ಹಣ ಇಲ್ಲ, ಇಲ್ಲಾ ಅಪ್ಪನ ಆರೋಗ್ಯ ಸರಿಯಿಲ್ಲ. ಸಿಕ್ಕ ಸೀಟೇ ಸೀಟು. ನಿಮಗೋಸ್ಕರ ದಾನಿಯೇಲ 1ನೇ ಅಧ್ಯಾಯ. ಈ ಹುಡುಗ ಬಾಬಿಲೋನಿಗೆ ಆಪ್ಷನ್ ಎಂಟ್ರಿ ಮಾಡಿದ್ನಾ? ಸೆರೆ ಹಿಡಿದು ತಂದ್ರು. ಮೂರು ವರ್ಷದ ಕೋರ್ಸ್, ಶತ್ರುವಿನ ಭಾಷೆ, ಶತ್ರುವಿನ ಸಾಹಿತ್ಯ. ಹೆಸರನ್ನೂ ಬದಲಾಯಿಸಿದ್ರು. ಕಾಲೇಜು ಅವನ ಕೈಯಲ್ಲಿ ಇರಲಿಲ್ಲ, ಸಿಲೆಬಸ್ ಇರಲಿಲ್ಲ, ಹೆಸರೂ ಇರಲಿಲ್ಲ. ಆದ್ರೆ ರಾಜನ ಊಟದಿಂದ ತನ್ನನ್ನ ಅಶುದ್ಧ ಮಾಡಿಕೊಳ್ಳಲ್ಲ ಅಂತ ಹೃದಯದಲ್ಲಿ ನಿಶ್ಚಯ ಮಾಡಿದ. ಅದು ಅವನ ಕೈಯಲ್ಲಿತ್ತು. ಜೊತೆಗೆ ಮೂವರು ಗೆಳೆಯರಿದ್ರು. ಚೆನ್ನಾಗಿ ಓದಿದ. ಮೂರು ವರ್ಷ ಆದ ಮೇಲೆ ಅರಸನ ಮುಂದೆ ನಿಂತಾಗ ಆ ದೇಶದ ಪಂಡಿತರಿಗಿಂತ ಈ ನಾಲ್ವರು ಹತ್ತು ಪಟ್ಟು ಮೇಲು ಅಂತ ಕಂಡುಬಂತು.

ದೇವರು ಯೆರೂಸಲೇಮಿನಲ್ಲಿ ಮಾತ್ರ ಇರೋದು ಅಂತಿದ್ರೆ ದಾನಿಯೇಲನ ಕತೆ ಮೊದಲ ವಚನದಲ್ಲೇ ಮುಗಿದು ಹೋಗ್ತಿತ್ತು. ಚೀಟಿಯಲ್ಲಿ "ಮಿಸ್ ಆಗಿಬಿಟ್ರೆ" ಅಂತ ಕೇಳಿದವರಿಗೆ ನನ್ನ ಉತ್ತರ ಇದು. ನೀನು ಪ್ರಾರ್ಥನೆ ಮಾಡಿ, ಕೂತು ಲೆಕ್ಕ ಹಾಕಿ, ಅಪ್ಪ ಅಮ್ಮನ ಜೊತೆ, ದೊಡ್ಡವರ ಜೊತೆ ಮಾತಾಡಿ, ಪ್ರಾಮಾಣಿಕವಾಗಿ ಪಟ್ಟಿ ಮಾಡಿ ಸಬ್ಮಿಟ್ ಒತ್ತು. ಒತ್ತಿದ ಮೇಲೆ ನಿದ್ದೆ ಮಾಡು. ನಿನ್ನ ತಂದೆಯಾದ ದೇವರು ಒಂದು ಅಡ್ಮಿಷನ್ ಕೌಂಟರ್‌ನಲ್ಲಿ ನಿನ್ನನ್ನ ಕಳೆದುಕೊಳ್ಳೋಷ್ಟು ಬಲಹೀನರಲ್ಲ.

ಎಲ್ಲರೂ ಎದ್ದು ನಿಲ್ಲೋಣ. ಮಕ್ಕಳ ಪಕ್ಕದಲ್ಲಿ ತಂದೆ ತಾಯಿ ನಿಂತಿದ್ರೆ ಅವರ ಕೈ ಹಿಡ್ಕೊಳ್ಳಿ. ಹಾಸ್ಟೆಲ್‌ನಲ್ಲಿದ್ದು ಒಬ್ಬರೇ ಬಂದವರು ಪಕ್ಕದ ಅಣ್ಣನದೋ ಅಕ್ಕನದೋ ಕೈ ಹಿಡೀರಿ.

ಪ್ರೀತಿಯ ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ಈ ವಾರ ಮೊಬೈಲ್ ಮುಂದೆ, ಕಂಪ್ಯೂಟರ್ ಮುಂದೆ ಕೂರೋ ಪ್ರತಿಯೊಂದು ಮಗುವಿಗೆ ಜ್ಞಾನ ಕೊಡಿ. ಭಯದ ಆತ್ಮವನ್ನ ಯೇಸುವಿನ ನಾಮದಲ್ಲಿ ದೂರ ಮಾಡಿ. ತಂದೆ ಮಗಳ ಮಧ್ಯೆ, ತಾಯಿ ಮಗನ ಮಧ್ಯೆ ನಿಂತುಹೋಗಿರೋ ಮಾತನ್ನ ಇವತ್ತು ರಾತ್ರಿ ಶುರು ಮಾಡಿಸಿ. ಮೋಸ ಮಾಡೋ ಏಜೆಂಟರ ಕೈಯಿಂದ ಈ ಮನೆಗಳನ್ನ ಕಾಪಾಡಿ. ಅಂದುಕೊಂಡ ಸೀಟು ಸಿಕ್ಕವರು ಸೊಕ್ಕದಿರಲಿ, ಸಿಗದವರು ಕುಗ್ಗದಿರಲಿ. ಎಲ್ಲಿಗೆ ಹೋದರೂ ಅಲ್ಲಿ ನಿಮಗೊಂದು ಯಜ್ಞವೇದಿ ಕಟ್ಟುವ ಮಕ್ಕಳಾಗಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.

ಆರಾಧನೆ ಮುಗಿದ ಮೇಲೆ ಆಪ್ಷನ್ ಎಂಟ್ರಿಯಲ್ಲಿ ಸಹಾಯ ಬೇಕಾದವರು ಪಕ್ಕದ ಸಂಡೇ ಸ್ಕೂಲ್ ರೂಮಿಗೆ ಬನ್ನಿ. ಹೋದ ವರ್ಷ, ಅದರ ಹಿಂದಿನ ವರ್ಷ ಕೌನ್ಸೆಲಿಂಗ್ ಮುಗಿಸಿದ ನಮ್ಮ ಯೂತ್ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿರ್ತಾರೆ. ಅಪ್ಪ ಅಮ್ಮನನ್ನೂ ಜೊತೆಗೆ ಕರ್ಕೊಂಡು ಬನ್ನಿ. ಪಾಸ್‌ವರ್ಡ್ ಮಾತ್ರ ನೀವೇ ಟೈಪ್ ಮಾಡಿ.